ಬ್ಯಾಗಿನ ಜೊತೆ ಚೆನ್ನಾಗಿ ಬದುಕಲು ಏನು ಬೇಕು?



ಇವತ್ತು ನಾನು ಎತ್ತಿಕೊಂಡಿರುವ ವಿಷಯವನ್ನು ನಮ್ಮ ಮನೆಗಳಲ್ಲಿ ಯಾರೂ ಗಟ್ಟಿಯಾಗಿ ಆಡುವುದಿಲ್ಲ. ದೊಡ್ಡ ಕರುಳಿನ ಅಥವಾ ಗುದನಾಳದ ಕ್ಯಾನ್ಸರಿಗೆ ಆಪರೇಷನ್ ಆದವರಲ್ಲಿ ಕೆಲವರಿಗೆ ಮಲ ಹೋಗುವ ದಾರಿಯನ್ನು ಹೊಟ್ಟೆಯ ಮೇಲೆ ಮಾಡಿಕೊಡುತ್ತಾರೆ. ಕರುಳಿನ ತುದಿಯನ್ನು ಹೊಟ್ಟೆಯ ಗೋಡೆಯಿಂದ ಹೊರಗೆ ತಂದು ಚರ್ಮಕ್ಕೆ ಹೊಲಿಯುತ್ತಾರೆ. ಡಾಕ್ಟರು ಅದಕ್ಕೆ ಸ್ಟೋಮಾ ಎನ್ನುತ್ತಾರೆ. ವಾರ್ಡಿನ ಆಯಾಗಳಿಂದ ಹಿಡಿದು ರೋಗಿಗಳ ತನಕ ಮಿಕ್ಕವರೆಲ್ಲ ‘ಬ್ಯಾಗು’ ಎನ್ನುತ್ತಾರೆ. ‘ಅವರಿಗೆ ಬ್ಯಾಗ್ ಹಾಕಿದ್ದಾರೆ’ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ಶಸ್ತ್ರಚಿಕಿತ್ಸೆಯ ವಾರ್ಡುಗಳಲ್ಲಿ ನರ್ಸ್ ಆಗಿ ದುಡಿದವಳು ನಾನು. ಕ್ಯಾನ್ಸರ್ ಎಂದು ತಿಳಿದ ದಿನ ಧೈರ್ಯವಾಗಿದ್ದವರು ಬ್ಯಾಗ್ ಹಾಕುತ್ತಾರೆ ಎಂದು ತಿಳಿದ ದಿನ ಕುಸಿದು ಕೂತದ್ದನ್ನು ಕಂಡಿದ್ದೇನೆ. ‘ಹಾಗೆ ಬದುಕೋದಕ್ಕಿಂತ ಆಪರೇಷನ್ನೇ ಬೇಡ’ ಎಂದು ಗಂಟುಮೂಟೆ ಕಟ್ಟಿ ಊರಿಗೆ ಹೊರಟವರೂ ಉಂಟು. ಅಂಥವರಲ್ಲಿ ಕೆಲವರು ತಿಂಗಳುಗಳ ಮೇಲೆ ಕರುಳು ಕಟ್ಟಿಕೊಂಡು, ಹೊಟ್ಟೆ ಉಬ್ಬಿಸಿಕೊಂಡು, ನಡುರಾತ್ರಿ ಆಂಬುಲೆನ್ಸಿನಲ್ಲಿ ಬಂದರು. ಆಗ ಜೀವ ಉಳಿಸಲು ಅದೇ ಬ್ಯಾಗನ್ನು ಹಾಕಬೇಕಾಯಿತು. ಆದರೆ ರೋಗ ಗುಣವಾಗುವ ಕಾಲ ಮೀರಿಹೋಗಿತ್ತು. ಇಂಥವರ ಭಯಕ್ಕೆ ಕಾರಣವಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಬ್ಯಾಗ್ ಇರುವವರು ಪಡುವ ಪಾಡನ್ನು ಅವರು ಎಲ್ಲೋ ಕಂಡಿರುತ್ತಾರೆ. ನನ್ನ ಮಾತು ಇಷ್ಟೇ: ಆ ಪಾಡಿನಲ್ಲಿ ಹೆಚ್ಚಿನ ಪಾಲು ಸ್ಟೋಮಾದಿಂದ ಬಂದದ್ದಲ್ಲ. ತಪ್ಪು ಜಾಗದಲ್ಲಿ ಕೂತ ಸ್ಟೋಮಾ, ಕೊಳ್ಳಲಾಗದ ಬ್ಯಾಗು, ಹೇಳಿಕೊಡದ ಆಸ್ಪತ್ರೆ, ಬಾಯಿ ಬಿಡದ ಮನೆ, ಇವುಗಳಿಂದ ಬಂದದ್ದು. ಇವೆಲ್ಲ ಮನುಷ್ಯರು ಸರಿಪಡಿಸಬಹುದಾದವು.

ಮೊದಲು ಇದು ಯಾರಿಗೆ ಬೇಕಾಗುತ್ತದೆ ಎಂದು ನೋಡೋಣ. ಗಡ್ಡೆ ಗುದದ್ವಾರಕ್ಕೆ ತೀರ ಹತ್ತಿರವಿದ್ದು, ಮಲವನ್ನು ಹಿಡಿದಿಡುವ ಸ್ನಾಯುವನ್ನೂ ಸೇರಿಸಿ ತೆಗೆಯಬೇಕಾಗಿ ಬಂದರೆ ಕೆಳಗಿನ ದಾರಿಯನ್ನು ಮುಚ್ಚಿಬಿಡುತ್ತಾರೆ. ಆಗ ಹೊಟ್ಟೆಯ ಎಡಗಡೆ ಕೆಳಭಾಗದಲ್ಲಿ ದೊಡ್ಡ ಕರುಳನ್ನು ಹೊರತಂದು ಕಾಯಂ ಆಗಿ ಇಡುತ್ತಾರೆ. ಇದು ಕೊಲೊಸ್ಟಮಿ. ಗಡ್ಡೆ ಸ್ವಲ್ಪ ಮೇಲಿದ್ದರೆ ಅದನ್ನು ತೆಗೆದು ಕರುಳಿನ ಎರಡು ತುದಿಗಳನ್ನು ಜೋಡಿಸುತ್ತಾರೆ. ಆ ಹೊಲಿಗೆ ಮಾಗುವ ತನಕ ಅದರ ಮೇಲೆ ಮಲ ಹಾಯಬಾರದೆಂದು ಬಲಗಡೆ ಸಣ್ಣ ಕರುಳನ್ನು ಹೊರತಂದಿಡುವುದುಂಟು. ಇದು ಇಲಿಯೋಸ್ಟಮಿ. ಕೆಲವು ತಿಂಗಳ ನಂತರ, ಸಾಮಾನ್ಯವಾಗಿ ಕೀಮೋ ಮುಗಿದ ಮೇಲೆ, ಇನ್ನೊಂದು ಆಪರೇಷನ್ನಿನಲ್ಲಿ ಅದನ್ನು ಒಳಕ್ಕೆ ಸೇರಿಸುತ್ತಾರೆ. ತಾತ್ಕಾಲಿಕವೆಂದು ಇಟ್ಟದ್ದು ಒಳಗೆ ಹೋಗದೆ ಉಳಿದುಬಿಡುವ ಸಂದರ್ಭಗಳೂ ಇವೆ. ಅದನ್ನು ಮೊದಲೇ ಹೇಳಿಬಿಡುವ ಡಾಕ್ಟರೇ ಒಳ್ಳೆಯ ಡಾಕ್ಟರು.

ಗುದನಾಳವನ್ನು ಪೂರ್ತಿ ತೆಗೆದು ಹೊಟ್ಟೆಯ ಮೇಲೆ ದಾರಿ ಮಾಡುವ ಆಪರೇಷನ್ನನ್ನು ಲಂಡನ್ನಿನ ವಿಲಿಯಂ ಅರ್ನೆಸ್ಟ್ ಮೈಲ್ಸ್ 1908ರಲ್ಲಿ ಪ್ರಕಟಿಸಿದರು. ಅಲ್ಲಿಂದ ಹಲವು ದಶಕ ಗುದನಾಳದ ಕ್ಯಾನ್ಸರ್ ಎಂದರೆ ಬಹುಪಾಲು ಕಾಯಂ ಸ್ಟೋಮಾ ಎಂದೇ ಅರ್ಥವಿತ್ತು. 1982ರಲ್ಲಿ ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್‌ನ ಸರ್ಜನ್ ಬಿಲ್ ಹೀಲ್ಡ್ ಅವರು ಗುದನಾಳವನ್ನು ಅದರ ಸುತ್ತಲಿನ ಕೊಬ್ಬಿನ ಪದರದ ಸಮೇತ, ಪದರ ಹರಿಯದಂತೆ ಬಿಡಿಸಿ ತೆಗೆಯುವ ಕ್ರಮವನ್ನು ವಿವರಿಸಿದರು. ಇದರಿಂದ ರೋಗ ಅದೇ ಜಾಗದಲ್ಲಿ ಮರುಕಳಿಸುವುದು ಇಳಿಯಿತು, ಸ್ನಾಯು ಉಳಿಸಿಕೊಳ್ಳುವವರ ಸಂಖ್ಯೆ ಏರಿತು. ಹಾಗಿದ್ದೂ ನಮ್ಮಲ್ಲಿ ಕಾಯಂ ಸ್ಟೋಮಾ ಬೇಕಾಗುವವರು ಕಡಿಮೆಯಿಲ್ಲ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದುಕೊಂಡು ವರ್ಷಗಟ್ಟಲೆ ಮುಲಾಮು ಹಚ್ಚಿ, ನಾಟಿ ಔಷಧಿ ಕುಡಿದು, ಗಡ್ಡೆ ಬೆಳೆದ ಮೇಲೆ ಬರುವವರೇ ಹೆಚ್ಚು. ಇನ್ನೊಂದು ವಿಷಯ, ಇದು ಮುದುಕರ ಕಾಯಿಲೆ ಎಂದು ತಿಳಿಯಬೇಡಿ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 800 ರೋಗಿಗಳನ್ನು ಕುರಿತು 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅವರ ಸರಾಸರಿ ವಯಸ್ಸು 47ರ ಆಸುಪಾಸಿನಲ್ಲಿತ್ತು. ಅಂದರೆ ಮಕ್ಕಳ ಶಾಲೆಯ ಫೀಸು, ಹೊಲದ ಸಾಲ, ಅಂಗಡಿಯ ವ್ಯಾಪಾರ ಎಲ್ಲ ಹೆಗಲ ಮೇಲಿರುವ ವಯಸ್ಸು. ಬ್ಯಾಗ್ ಹಾಕಿಕೊಂಡು ಇವರು ಮತ್ತೆ ಕೆಲಸಕ್ಕೆ ಹೋಗಲೇಬೇಕು.

ಹಾಗೆ ಕೆಲಸಕ್ಕೆ ಹೋಗಲು ಆಗುತ್ತದೋ ಇಲ್ಲವೋ ಎನ್ನುವುದು ಬಹಳಷ್ಟು ಸಲ ಒಂದು ಮಾರ್ಕರ್ ಪೆನ್ನಿನ ಗುರುತಿನಿಂದ ನಿರ್ಧಾರವಾಗುತ್ತದೆ. ಅದನ್ನು ಕೊಂಚ ವಿವರವಾಗಿ ಹೇಳಬೇಕು.

ಆಪರೇಷನ್ನಿಗೆ ಮುಂಚೆ, ರೋಗಿ ಎಚ್ಚರವಿರುವಾಗಲೇ, ಸ್ಟೋಮಾ ಎಲ್ಲಿ ಬರಬೇಕು ಎಂದು ಹೊಟ್ಟೆಯ ಮೇಲೆ ಗುರುತು ಹಾಕಬೇಕು. ಮಲಗಿಸಿ ನೋಡಬೇಕು, ಕೂರಿಸಿ ನೋಡಬೇಕು, ನಿಲ್ಲಿಸಿ ನೋಡಬೇಕು, ಬಗ್ಗಿಸಿ ನೋಡಬೇಕು. ಮಲಗಿದಾಗ ತಟ್ಟೆಯಂತೆ ಚಪ್ಪಟೆಯಾಗಿ ಕಾಣುವ ಹೊಟ್ಟೆ ಕೂತಾಗ ಮಡಿಕೆ ಮಡಿಕೆಯಾಗುತ್ತದೆ. ಮಡಿಕೆಯೊಳಗೆ ಸ್ಟೋಮಾ ಬಂತೆಂದರೆ ಬ್ಯಾಗಿನ ಅಂಟು ನಿಲ್ಲುವುದಿಲ್ಲ, ದಿನಕ್ಕೆರಡು ಸಲ ಸೋರುತ್ತದೆ. ಹೊಕ್ಕುಳು, ಹಳೆಯ ಆಪರೇಷನ್ನಿನ ಗಾಯ, ಸೊಂಟದ ಮೂಳೆ, ಇವುಗಳಿಂದ ದೂರವಿರಬೇಕು. ಹೊಟ್ಟೆಯ ನಡುಗೆರೆಯ ಅಕ್ಕಪಕ್ಕದಲ್ಲಿ ಮೇಲಿಂದ ಕೆಳಕ್ಕೆ ಇಳಿಯುವ ನೇರ ಸ್ನಾಯುವಿನ ಮೂಲಕ ಬರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ರೋಗಿ ತಲೆ ಬಗ್ಗಿಸಿದರೆ ತನ್ನ ಕಣ್ಣಿಗೇ ಕಾಣುವಂತಿರಬೇಕು. ಕಾಣದ್ದನ್ನು ತಾನೇ ಸ್ವಚ್ಛ ಮಾಡಿಕೊಳ್ಳುವುದು ಹೇಗೆ?

ಇಷ್ಟು ಪುಸ್ತಕಗಳಲ್ಲೇ ಇದೆ. ಆದರೆ ಆ ಪುಸ್ತಕ ಬರೆದವರು ಕುರ್ಚಿಯ ಮೇಲೆ ಕೂರುವವರು, ಪ್ಯಾಂಟಿಗೆ ಬೆಲ್ಟ್ ಹಾಕುವವರು. ನಮ್ಮವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣುತ್ತಾರೆ, ಕುಕ್ಕರಗಾಲಲ್ಲಿ ಕೂತು ಪಾತ್ರೆ ತೊಳೆಯುತ್ತಾರೆ, ಸೊಂಟ ಬಗ್ಗಿಸಿ ನಾಟಿ ಹಾಕುತ್ತಾರೆ, ಹಣೆ ನೆಲಕ್ಕೆ ಹಚ್ಚಿ ನಮಾಜು ಮಾಡುತ್ತಾರೆ. ಗಂಡಸರು ಪಂಚೆ ಅಥವಾ ಲುಂಗಿ ಬಿಗಿಯುತ್ತಾರೆ, ಅದರೊಳಗೆ ಉಡಿದಾರ. ಹೆಂಗಸರ ಸೀರೆಯ ಇಡೀ ಭಾರ ನಿಂತಿರುವುದು ಲಂಗದ ಲಾಡಿಯ ಮೇಲೆ. ಇದನ್ನೆಲ್ಲ ಕೇಳದೆ ಗುರುತು ಹಾಕಿದರೆ ಏನು ಪ್ರಯೋಜನ? ಎಷ್ಟೋ ಕಡೆ ಗುರುತನ್ನೇ ಹಾಕುವುದಿಲ್ಲ. ಅರಿವಳಿಕೆ ಕೊಟ್ಟು ಮಲಗಿಸಿದ ಮೇಲೆ ಸರ್ಜನ್ನರು ಕಣ್ಣಂದಾಜಿನಲ್ಲಿ ಜಾಗ ಆರಿಸುತ್ತಾರೆ.

ಮಂಡ್ಯ ಕಡೆಯ ಒಬ್ಬ ರೈತ ಹೆಂಗಸಿಗೆ ಒಂದು ಆಸ್ಪತ್ರೆಯಲ್ಲಿ ಆದದ್ದು ಹೀಗೇ. ಆಪರೇಷನ್ ಚೆನ್ನಾಗಿಯೇ ಆಗಿತ್ತು, ಗಡ್ಡೆ ಪೂರ್ತಿ ಹೋಗಿತ್ತು. ಸ್ಟೋಮಾ ಮಾತ್ರ ಸರಿಯಾಗಿ ಲಾಡಿ ಕಟ್ಟುವ ಗೆರೆಯ ಮೇಲೆ ಬಂದಿತ್ತು. ಲಾಡಿಯನ್ನು ಮೇಲೆ ಕಟ್ಟಿದರೆ ಬ್ಯಾಗ್ ಒತ್ತಿಹೋಗಿ ಮಲ ಕೆಳಕ್ಕಿಳಿಯದೆ, ಬ್ಯಾಗನ್ನು ಚರ್ಮಕ್ಕೆ ಅಂಟಿಸುವ ಫ್ಲ್ಯಾಂಜಿನ ಅಡಿ ನುಸುಳುತ್ತಿತ್ತು. ಕೆಳಗೆ ಕಟ್ಟಿದರೆ ಸೀರೆ ಜಾರುತ್ತಿತ್ತು. ತಿಂಗಳುಗಟ್ಟಲೆ ನೈಟಿ ಹಾಕಿಕೊಂಡು ಕೋಣೆಯೊಳಗೇ ಕೂತಿದ್ದರು. ‘ಸಿಸ್ಟರಮ್ಮ, ಮದ್ಲೇ ಒಂದ್ ಮಾತ್ ಕೇಳಿದ್ರೆ ನಾನೇ ತೋರ್ಸ್ತಿದ್ನಲ್ಲಾ, ಲಾಡಿ ಇಲ್ ಕಟ್ತೀನಿ ಅಂತ’ ಎಂದು ನನ್ನ ಮುಂದೆ ಕಣ್ಣೀರು ಹಾಕಿದರು. ಕೊನೆಗೆ ದಾರಿ ಹುಡುಕಿದ್ದೂ ಅವರೇ. ಲಂಗದ ಲಾಡಿ ಕಿತ್ತುಹಾಕಿ, ಮೇಲ್ಭಾಗಕ್ಕೆ ಬಟ್ಟೆ ಸೇರಿಸಿ, ಭುಜದ ಮೇಲೆ ಪಟ್ಟಿ ಬರುವಂತೆ ಊರಿನ ಟೈಲರ್ ಹತ್ತಿರ ಹೊಲಿಸಿಕೊಂಡರು. ಸೀರೆಯ ಭಾರ ಹೆಗಲಿಗೆ ಹೋಯಿತು, ಸೊಂಟ ಸಡಿಲವಾಯಿತು. ಆಮೇಲೆ ಹೊಲಕ್ಕೂ ಹೋದರು, ಮದುವೆಮನೆಗಳಿಗೂ ಹೋದರು. ಅವರ ಆ ಉಪಾಯವನ್ನು ನಾನು ಎಷ್ಟೋ ಹೆಂಗಸರಿಗೆ ದಾಟಿಸಿದ್ದೇನೆ. ಆದರೆ ಆಪರೇಷನ್ನಿನ ಹಿಂದಿನ ದಿನ ಸೀರೆ ಉಡಿಸಿ ನೋಡಿದ್ದರೆ ಆ ಉಪಾಯದ ಅಗತ್ಯವೇ ಬರುತ್ತಿರಲಿಲ್ಲ.

‘ಏನೇ ಆದರೂ ಕೆಳಗಿನ ದಾರಿ ಉಳಿಸಿಕೊಡಿ’ ಎಂದು ಸರ್ಜನ್ನರ ಮೇಲೆ ಒತ್ತಡ ಹೇರುವವರು ಬಹಳ. ಉಳಿಸಬಹುದಾದಾಗ ಅವರು ಉಳಿಸಿಯೇ ಉಳಿಸುತ್ತಾರೆ. ಆದರೆ ದಾರಿ ಉಳಿದರೆ ಬದುಕು ಮೊದಲಿನಂತಾಗುತ್ತದೆ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಕಾಯಂ ಸ್ಟೋಮಾ ಇರುವವರ ಮತ್ತು ಕರುಳು ಜೋಡಿಸಿಕೊಂಡವರ ಜೀವನದ ಗುಣಮಟ್ಟವನ್ನು ಹೋಲಿಸಿದ ಅಧ್ಯಯನಗಳನ್ನೆಲ್ಲ ಕಲೆಹಾಕಿ ಕಾಕ್ರೇನ್ ಸಂಸ್ಥೆ 2005ರಲ್ಲಿ ಒಂದು ಸಮೀಕ್ಷೆ ಹೊರತಂದಿತು, 2012ರಲ್ಲಿ ಅದನ್ನು ಪರಿಷ್ಕರಿಸಿತು. ಜೋಡಿಸಿಕೊಂಡವರ ಬದುಕೇ ಮೇಲು ಎಂದು ಖಚಿತವಾಗಿ ಹೇಳಲು ಆಧಾರವಿಲ್ಲ ಎಂಬುದೇ ಅದರ ತೀರ್ಮಾನ. ಮೊದಲ ಸಲ ಇದನ್ನು ಕೇಳಿದವರು ನಂಬುವುದಿಲ್ಲ. ವಾರ್ಡಿನಲ್ಲಿದ್ದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಗುದನಾಳ ಮಲವನ್ನು ತುಂಬಿಟ್ಟುಕೊಳ್ಳುವ ಚೀಲ. ಅದನ್ನು ತೆಗೆದು ಕರುಳನ್ನು ತೀರ ಕೆಳಗೆ ಜೋಡಿಸಿದಾಗ, ವಿಕಿರಣ ಚಿಕಿತ್ಸೆಯೂ ಆಗಿದ್ದರೆ ಇನ್ನೂ ಹೆಚ್ಚಾಗಿ, ಕೆಲವರು ದಿನಕ್ಕೆ ಹತ್ತಾರು ಸಲ ಕಕ್ಕಸಿಗೆ ಓಡುತ್ತಾರೆ. ಹೋಗಿ ಬಂದ ಅರ್ಧ ಗಂಟೆಗೆ ಮತ್ತೆ ಹೋಗಬೇಕು. ಅವಸರ ತಡೆಯಲಾಗುವುದಿಲ್ಲ, ಬಟ್ಟೆಯಲ್ಲೇ ಆಗಿಬಿಡುತ್ತದೆ. ಇದನ್ನು ಅಳೆಯಲು ಡೆನ್ಮಾರ್ಕಿನ ವೈದ್ಯರು 2012ರಲ್ಲಿ ಐದು ಪ್ರಶ್ನೆಗಳ ಒಂದು ಅಂಕಪಟ್ಟಿಯನ್ನೇ ಮಾಡಿದರು. ಇಂಥ ತೊಂದರೆ ಅನುಭವಿಸಿದವರಲ್ಲಿ ಕೆಲವರು ತಾವಾಗಿಯೇ ಬಂದು ಬ್ಯಾಗ್ ಹಾಕಿ ಎಂದು ಕೇಳುವುದುಂಟು. ಆದ್ದರಿಂದ ಆಪರೇಷನ್ನಿಗೆ ಮುಂಚೆ ಡಾಕ್ಟರ ಹತ್ತಿರ ‘ದಾರಿ ಉಳಿಯುತ್ತದೆಯೇ?’ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ‘ಉಳಿದರೆ ನನ್ನ ದಿನ ಹೇಗಿರುತ್ತದೆ? ಉಳಿಯದಿದ್ದರೆ ಹೇಗಿರುತ್ತದೆ?’ ಎಂದೂ ಕೇಳಿ.

ಈಗ ಬ್ಯಾಗಿನ ವಿಷಯಕ್ಕೆ ಬರೋಣ. ಎಪ್ಪತ್ತು ವರ್ಷಗಳ ಹಿಂದೆ ಸ್ಟೋಮಾ ಇದ್ದವರು ರಬ್ಬರಿನ ಚೀಲ, ಲೋಹದ ಬಟ್ಟಲು, ಬಟ್ಟೆಯ ಪಟ್ಟಿಗಳನ್ನು ಸೊಂಟಕ್ಕೆ ಬಿಗಿದುಕೊಳ್ಳುತ್ತಿದ್ದರು. ಸೋರದ ದಿನವಿರಲಿಲ್ಲ. ಡೆನ್ಮಾರ್ಕಿನಲ್ಲಿ ಎಲಿಸ್ ಸೋರೆನ್‌ಸನ್ ಎಂಬ ನರ್ಸ್ ಇದ್ದರು. ಅವರ ತಂಗಿ ಥೋರಾಗೆ ಸ್ಟೋಮಾ ಆಗಿತ್ತು. ಜನರ ನಡುವೆ ಸೋರಿಬಿಟ್ಟರೆ ಎಂಬ ಹೆದರಿಕೆಗೆ ತಂಗಿ ಮನೆ ಬಿಟ್ಟು ಹೊರಡುವುದನ್ನೇ ನಿಲ್ಲಿಸಿದರು. ಅದನ್ನು ನೋಡಲಾರದೆ 1954ರಲ್ಲಿ ಈ ಅಕ್ಕ ಚರ್ಮಕ್ಕೆ ನೇರವಾಗಿ ಅಂಟಿಕೊಳ್ಳುವ, ಬಳಸಿ ಬಿಸಾಡಬಹುದಾದ ಪ್ಲಾಸ್ಟಿಕ್ ಚೀಲವನ್ನು ಯೋಚಿಸಿದರು. ಪ್ಲಾಸ್ಟಿಕ್ ತಯಾರಕ ಓಗೆ ಲೂಯಿ ಹಾನ್ಸನ್ ಮೊದಲು ಆಸಕ್ತಿ ತೋರಲಿಲ್ಲ. ಅವರ ಹೆಂಡತಿಯೂ ನರ್ಸ್ ಆಗಿದ್ದವರು. ಅವರು ಇದರ ಬೆಲೆಯನ್ನು ಗುರುತಿಸಿ ಗಂಡನನ್ನು ಒಪ್ಪಿಸಿದರು. 1957ರಲ್ಲಿ ಕೊಲೊಪ್ಲಾಸ್ಟ್ ಕಂಪನಿ ಹುಟ್ಟಿತು. ಅದೇ ಕಾಲಕ್ಕೆ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನಲ್ಲಿ ಸರ್ಜನ್ ರೂಪರ್ಟ್ ಟರ್ನ್‌ಬುಲ್ ಅವರು ಕಟ್ಟುಹಲ್ಲು ಅಂಟಿಸಲು ಬಳಸುತ್ತಿದ್ದ ಕರಾಯ ಗೋಂದಿನ ಪುಡಿ ಸ್ಟೋಮಾದ ಸುತ್ತಲಿನ ಚರ್ಮವನ್ನು ಕಾಪಾಡುತ್ತದೆ ಎಂದು ಕಂಡುಕೊಂಡರು. ಆ ಕರಾಯ ಗೋಂದು ನಮ್ಮ ದೇಶದ ಒಣ ಕಾಡುಗಳ ಮರದಿಂದ ಬರುವುದು. ಆದಿವಾಸಿಗಳು ಮರಕ್ಕೆ ಕಚ್ಚು ಹಾಕಿ, ಒಸರಿದ ಅಂಟನ್ನು ಆರಿಸಿ ತಂದು ಮಾರುತ್ತಾರೆ. ನಮ್ಮ ಕಾಡಿನ ಗೋಂದು ಅಲ್ಲಿನವರ ಹೊಟ್ಟೆ ಕಾಪಾಡುತ್ತಿದ್ದಾಗ ಇಲ್ಲಿನ ರೋಗಿಗೆ ಅದು ಸಿಗುತ್ತಿರಲಿಲ್ಲ ಎಂಬುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಟರ್ನ್‌ಬುಲ್ ಇನ್ನೊಂದು ದೊಡ್ಡ ಕೆಲಸ ಮಾಡಿದರು. ತಮ್ಮಿಂದಲೇ ಇಲಿಯೋಸ್ಟಮಿ ಮಾಡಿಸಿಕೊಂಡಿದ್ದ ನಾರ್ಮಾ ಗಿಲ್ ಎಂಬ ಮಹಿಳೆಯನ್ನು 1958ರಲ್ಲಿ ಕೆಲಸಕ್ಕೆ ತೆಗೆದುಕೊಂಡು, ಬೇರೆ ರೋಗಿಗಳಿಗೆ ಕಲಿಸಲು ನೇಮಿಸಿದರು. ಸ್ಟೋಮಾ ಆರೈಕೆ ಒಂದು ವೃತ್ತಿಯಾಗಿ ಬೆಳೆದದ್ದು ಹೀಗೆ. ಅನುಭವಿಸಿದವರ ಮಾತಿಗೆ ಇರುವ ತೂಕ ನಮ್ಮಂಥವರ ಮಾತಿಗೆ ಬರುವುದಿಲ್ಲ.

ಬ್ಯಾಗ್ ಬದಲಿಸುವುದು ಎಂದರೆ ಏನೆಂದು ಮನೆಯವರಿಗೆ ತಿಳಿದಿರಲಿ ಎಂದು ಹೇಳುತ್ತೇನೆ. ಬೆಳಿಗ್ಗೆ ಏನನ್ನೂ ತಿನ್ನುವ ಮುಂಚೆ ಸ್ಟೋಮಾ ಸುಮ್ಮನಿರುತ್ತದೆ, ಅದೇ ಒಳ್ಳೆಯ ಹೊತ್ತು. ಹಳೆಯ ಫ್ಲ್ಯಾಂಜನ್ನು ಒಂದು ಕೈಯಲ್ಲಿ ಚರ್ಮ ಒತ್ತಿಹಿಡಿದು ಇನ್ನೊಂದು ಕೈಯಲ್ಲಿ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಬಿಡಿಸಬೇಕು, ಪ್ಲಾಸ್ಟರಿನಂತೆ ಕೀಳಬಾರದು. ಉಗುರುಬೆಚ್ಚಗಿನ ಬರೀ ನೀರು, ಒಂದು ಮೆತ್ತನೆಯ ಬಟ್ಟೆ ಸಾಕು. ಡೆಟಾಲ್ ಬೇಡ, ಸ್ಪಿರಿಟ್ ಬೇಡ, ಕೊಬ್ಬರಿ ಎಣ್ಣೆ ಬೇಡವೇ ಬೇಡ. ಎಣ್ಣೆ ಹಚ್ಚಿದ ಚರ್ಮಕ್ಕೆ ಅಂಟು ಹಿಡಿಯುವುದಿಲ್ಲ. ಸ್ಟೋಮಾ ಕೆಂಪಗೆ, ಒದ್ದೆಯಾಗಿ ಇರುತ್ತದೆ. ಒರೆಸುವಾಗ ಒಂದೆರಡು ಹನಿ ರಕ್ತ ಬಂದರೆ ಗಾಬರಿ ಬೇಡ. ಅದಕ್ಕೆ ನೋವು ತಿಳಿಯುವ ನರಗಳಿಲ್ಲ, ಮುಟ್ಟಿದರೆ ನೋಯುವುದಿಲ್ಲ. ಬಣ್ಣ ಕಪ್ಪಿಗೆ ತಿರುಗಿದರೆ ಮಾತ್ರ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಚರ್ಮ ಪೂರ್ತಿ ಒಣಗಿದ ಮೇಲೆ ಹೊಸ ಫ್ಲ್ಯಾಂಜಿನಲ್ಲಿ ಸ್ಟೋಮಾಕ್ಕಿಂತ ಎರಡು ಮೂರು ಮಿಲಿಮೀಟರ್ ಮಾತ್ರ ದೊಡ್ಡದಾದ ತೂತು ಕತ್ತರಿಸಿ, ಅಂಟಿಸಿ, ಅಂಗೈ ಶಾಖ ತಾಗುವಂತೆ ಸ್ವಲ್ಪ ಹೊತ್ತು ಒತ್ತಿಹಿಡಿಯಬೇಕು. ಈ ತೂತಿನ ಅಳತೆಯಲ್ಲೇ ಎಲ್ಲರೂ ಎಡವುವುದು. ಆಪರೇಷನ್ ಆದ ಮೊದಲ ಆರೆಂಟು ವಾರ ಸ್ಟೋಮಾ ಕುಗ್ಗುತ್ತಾ ಹೋಗುತ್ತದೆ. ಮೊದಲ ದಿನದ ಅಳತೆಗೇ ಕತ್ತರಿಸುತ್ತಾ ಹೋದರೆ ಸುತ್ತಲಿನ ಚರ್ಮ ಬಯಲಾಗಿ ಮಲ ತಾಗಿ ಹುಣ್ಣಾಗುತ್ತದೆ. ಇಲಿಯೋಸ್ಟಮಿಯವರಿಗಂತೂ ಇದು ದೊಡ್ಡ ಕಷ್ಟ. ಸಣ್ಣ ಕರುಳಿನಿಂದ ಬರುವ ನೀರಿನಂಥ ಮಲದಲ್ಲಿ ಜೀರ್ಣರಸಗಳಿರುತ್ತವೆ, ಅವು ಚರ್ಮವನ್ನೂ ಸುಡುತ್ತವೆ. ಬ್ಯಾಗು ಮೂರನೇ ಒಂದು ಭಾಗ ತುಂಬುತ್ತಿದ್ದಂತೆ ಖಾಲಿ ಮಾಡಬೇಕು. ತುಂಬಿದರೆ ಭಾರಕ್ಕೆ ಅಂಟು ಬಿಡುತ್ತದೆ. ಸರಿಯಾಗಿ ಅಂಟಿದ ಬ್ಯಾಗಿನಿಂದ ವಾಸನೆ ಬರುವುದಿಲ್ಲ. ವಾಸನೆ ಬಂತೆಂದರೆ ಎಲ್ಲೋ ಸೋರಿದೆ ಎಂದು ತಿಳಿದು ಬದಲಿಸಬೇಕು. ಸೆಂಟು ಹೊಡೆದುಕೊಳ್ಳುವುದರಿಂದ ಏನೂ ಆಗುವುದಿಲ್ಲ.

ಇದನ್ನು ಕಲಿಯಬೇಕಾದವರು ಯಾರು? ನಮ್ಮ ವಾರ್ಡುಗಳಲ್ಲಿ ಹೆಂಡತಿಯನ್ನೋ ಸೊಸೆಯನ್ನೋ ಕರೆದು ತೋರಿಸುತ್ತಾರೆ, ರೋಗಿ ಗೋಡೆ ಕಡೆ ಮುಖ ತಿರುಗಿಸಿ ಮಲಗಿರುತ್ತಾರೆ. ನಾನಿದನ್ನು ಒಪ್ಪಲೇ ಇಲ್ಲ. ಕೈಕಾಲು ಆಡುವ ರೋಗಿ ತಾನೇ ಕಲಿಯಬೇಕು. ಮೊದಲ ದಿನ ನೋಡಿದರೆ ಸಾಕು, ಎರಡನೇ ದಿನ ಮುಟ್ಟಿದರೆ ಸಾಕು, ಮೂರನೇ ದಿನ ಕ್ಲಿಪ್ ತೆಗೆದು ಖಾಲಿ ಮಾಡಲಿ. ಬೇರೆಯವರ ಕೈ ಕಾಯುವ ತನಕ ಮನುಷ್ಯನ ಮರ್ಯಾದೆ ಬೇರೆಯವರ ಹತ್ತಿರ ಅಡವಿಟ್ಟ ಹಾಗೆಯೇ.

ಮನೆಯ ಮಡಿ ಮೈಲಿಗೆಯ ಮಾತು ಬಂದೇ ಬರುತ್ತದೆ. ಒಬ್ಬ ನಿವೃತ್ತ ಮೇಷ್ಟ್ರು ಬ್ಯಾಗ್ ಬಂದ ಮೇಲೆ ದೇವರ ಕೋಣೆಗೆ ಹೋಗುವುದನ್ನೇ ಬಿಟ್ಟಿದ್ದರು. ಯಾರೂ ಬೇಡ ಅಂದಿರಲಿಲ್ಲ, ತಾವೇ ಬಿಟ್ಟಿದ್ದರು. ‘ಹೊಟ್ಟೆಗೆ ಕಟ್ಟಿಕೊಂಡು ಹೇಗಮ್ಮ ದೀಪ ಹಚ್ಚಲಿ’ ಎಂದರು. ನಾನು ಹೇಳಿದೆ, ‘ಮೇಷ್ಟ್ರೇ, ದೀಪ ಹಚ್ಚುವವರೆಲ್ಲರ ಹೊಟ್ಟೆಯೊಳಗೂ ಅದೇ ಇರುತ್ತೆ. ನಿಮ್ಮದು ಒಂದು ಅಂಗುಲ ಈಚೆಗೆ ಬಂದಿದೆ, ಅಷ್ಟೇ.’ ಸ್ನಾನಕ್ಕೆ ಮುಂಚೆ ಬ್ಯಾಗ್ ಖಾಲಿ ಮಾಡಿ, ಸ್ನಾನ ಮಾಡಿ, ಮಡಿ ಉಟ್ಟು ಪೂಜೆಗೆ ಕೂರಲು ಅವರು ಮತ್ತೆ ಶುರುಮಾಡಿದರು. ಮುಸಲ್ಮಾನ ರೋಗಿಗಳೂ ನಮಾಜಿಗೆ ಮುಂಚಿನ ಶುದ್ಧಿಯಾದ ವುಜೂ ನಿಲ್ಲುವುದಿಲ್ಲವಲ್ಲ ಎಂದು ಮಸೀದಿಗೆ ಹೋಗುವುದನ್ನು ಬಿಡುವುದುಂಟು. ತಡೆಯಲಾಗದ ದೇಹಸ್ಥಿತಿ ಇರುವವರಿಗೆ ಅವರ ಧರ್ಮಶಾಸ್ತ್ರದಲ್ಲೇ ವಿನಾಯಿತಿ ಇದೆ. ತಮ್ಮ ಮೌಲ್ವಿಗಳನ್ನು ಒಮ್ಮೆ ಕೇಳಿದರೆ ಅವರೇ ಹೇಳುತ್ತಾರೆ.

ಗಂಡಹೆಂಡಿರ ಮಾತನ್ನು ಆಡದೆ ಬಿಟ್ಟರೆ ಈ ಭಾಷಣ ಅರ್ಧ ಸುಳ್ಳಾಗುತ್ತದೆ. ಗುದನಾಳದ ಆಪರೇಷನ್ ನಡೆಯುವ ಜಾಗದಲ್ಲೇ ಲೈಂಗಿಕ ಶಕ್ತಿಗೆ, ಮೂತ್ರಕ್ಕೆ ಸಂಬಂಧಿಸಿದ ನರಗಳು ಹಾಯುತ್ತವೆ. ಅವುಗಳಿಗೆ ಪೆಟ್ಟಾದರೆ ಗಂಡಸರಿಗೆ ನಿಮಿರುವಿಕೆಯ ತೊಂದರೆ, ಹೆಂಗಸರಿಗೆ ಒಣಗುವಿಕೆ, ನೋವು ಕಾಣಿಸಿಕೊಳ್ಳಬಹುದು. ಇದಕ್ಕೆಲ್ಲ ಚಿಕಿತ್ಸೆಯಿದೆ. ಕೇಳಲು ನಾಚಿ, ಹೇಳಲು ಡಾಕ್ಟರೂ ನಾಚಿ, ಎಷ್ಟೋ ದಂಪತಿಗಳು ಬೇರೆ ಬೇರೆ ಕೋಣೆಯಲ್ಲಿ ಮಲಗಲು ಶುರುಮಾಡುತ್ತಾರೆ. ಗಂಡನಿಗೆ ಅಸಹ್ಯವಾಗುತ್ತದೆಂದು ಹೆಂಡತಿ, ಹೆಂಡತಿಗೆ ನೋವಾಗುತ್ತದೆಂದು ಗಂಡ, ಇಬ್ಬರೂ ಪರಸ್ಪರ ಕೇಳದೆಯೇ ತೀರ್ಮಾನಿಸಿಬಿಡುತ್ತಾರೆ. ಕೂಡುವುದರಿಂದ ಸ್ಟೋಮಾಕ್ಕೆ ಹಾನಿಯಿಲ್ಲ. ಮುಂಚೆ ಬ್ಯಾಗ್ ಖಾಲಿ ಮಾಡಿಕೊಂಡು, ಮೇಲೆ ಒಂದು ಬಟ್ಟೆಯ ಪಟ್ಟಿ ಸುತ್ತಿಕೊಂಡರಾಯಿತು. ಮದುವೆಯಾಗದ ಹುಡುಗ ಹುಡುಗಿಯರಿದ್ದರೆ, ವಿಕಿರಣ ಮತ್ತು ಕೀಮೋ ಶುರುವಾಗುವ ಮೊದಲೇ ಮುಂದೆ ಮಕ್ಕಳಾಗುವ ವಿಷಯವನ್ನು ಕೇಳಿಟ್ಟುಕೊಳ್ಳಬೇಕು.

ಊಟದ ಬಗ್ಗೆ ಹೆಚ್ಚು ಹೆದರಿಸುವವರೇ ಎಲ್ಲ. ಕೊಲೊಸ್ಟಮಿಯವರು ಕೆಲವು ವಾರಗಳಲ್ಲಿ ಮನೆಯವರೆಲ್ಲ ಉಣ್ಣುವುದನ್ನೇ ಉಣ್ಣಬಹುದು. ಮುದ್ದೆ, ರೊಟ್ಟಿ, ಸಾರು ಯಾವುದಕ್ಕೂ ಅಡ್ಡಿಯಿಲ್ಲ. ಅವರೆಕಾಳು, ಎಲೆಕೋಸು, ಕಡಲೆ, ಸೋಡಾ ಗಾಳಿ ತುಂಬಿಸುತ್ತವೆ. ಬಸ್ಸಿನಲ್ಲಿ ಹೋಗುವ ದಿನ ಅವನ್ನು ಬಿಟ್ಟರೆ ಸಾಕು. ಇಲಿಯೋಸ್ಟಮಿಯವರು ಮಾತ್ರ ಎಚ್ಚರವಾಗಿರಬೇಕು. ಹಲಸಿನ ತೊಳೆ, ಕಿತ್ತಳೆಯ ನಾರು, ಮೆಕ್ಕೆಜೋಳ, ಅಣಬೆ, ಹಸಿ ತೆಂಗಿನಕಾಯಿ ಚೂರು, ಇವನ್ನು ಚೆನ್ನಾಗಿ ಅಗಿಯದೆ ನುಂಗಿದರೆ ಅಲ್ಲೇ ಸಿಕ್ಕಿಕೊಂಡು ದಾರಿ ಕಟ್ಟಬಹುದು. ಅವರ ಮೈಯಿಂದ ನೀರಿನ ಜೊತೆ ಉಪ್ಪೂ ಹೋಗುತ್ತಿರುತ್ತದೆ. ಬೇಸಿಗೆಯಲ್ಲಿ ಬ್ಯಾಗು ಮತ್ತೆ ಮತ್ತೆ ತುಂಬುತ್ತಿದ್ದರೆ ಬರೀ ನೀರು ಕುಡಿಯುತ್ತಾ ಹೋಗುವುದು ಪರಿಹಾರವಲ್ಲ, ಅದು ಇನ್ನಷ್ಟು ಉಪ್ಪನ್ನು ತೊಳೆದುಕೊಂಡು ಹೋಗುತ್ತದೆ. ಓಆರ್‌ಎಸ್ ಕುಡಿಯಬೇಕು. ಉಪ್ಪು ಹಾಕಿದ ಗಂಜಿ ಒಳ್ಳೆಯದು. ಅನ್ನ, ಬಾಳೆಹಣ್ಣು ಮಲವನ್ನು ಗಟ್ಟಿ ಮಾಡುತ್ತವೆ. ತಲೆ ಸುತ್ತಿ, ಮೂತ್ರ ಕಡಿಮೆಯಾದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಬಿಪಿಯದೋ ಸಕ್ಕರೆಯದೋ ಮಾತ್ರೆ ಬ್ಯಾಗಿನಲ್ಲಿ ಇಡಿಯಾಗಿ ಕಂಡರೆ ಡಾಕ್ಟರಿಗೆ ಹೇಳಿ ಮಾತ್ರೆ ಬದಲಿಸಿಕೊಳ್ಳಬೇಕು.

ನಮ್ಮ ಬಡ ರೋಗಿಗಳಿಗೆ ಬಹಳ ಒಗ್ಗುವ, ಆದರೆ ಬಹಳ ಕಡೆ ಯಾರೂ ಹೇಳಿಕೊಡದ ಒಂದು ಪದ್ಧತಿಯಿದೆ, ಅದು ನೀರು ಹಾಯಿಸುವುದು. ಎಡಗಡೆಯ ಕಾಯಂ ಕೊಲೊಸ್ಟಮಿ ಇರುವವರು ಡಾಕ್ಟರ ಒಪ್ಪಿಗೆ ಪಡೆದು, ತರಬೇತಿ ಪಡೆದ ನರ್ಸಿನಿಂದ ಕಲಿತು, ಇದಕ್ಕೆಂದೇ ಇರುವ ಮೆತ್ತನೆಯ ಶಂಕುವಿನ ಮೂಲಕ ಉಗುರುಬೆಚ್ಚಗಿನ ನೀರನ್ನು ಕರುಳಿಗೆ ಬಿಡುತ್ತಾರೆ. ಸುಮಾರು ಒಂದು ಗಂಟೆಯಲ್ಲಿ ಕರುಳು ಖಾಲಿಯಾಗುತ್ತದೆ. ಆಮೇಲೆ ಒಂದು ದಿನ, ಕೆಲವರಿಗೆ ಎರಡು ದಿನ, ಸ್ಟೋಮಾ ಸುಮ್ಮನಿರುತ್ತದೆ. ಬ್ಯಾಗಿನ ಬದಲು ಒಂದು ಸಣ್ಣ ಮುಚ್ಚಳವೋ ಗಾಜ್ ಪ್ಯಾಡೋ ಸಾಕಾಗುತ್ತದೆ. ಇಲಿಯೋಸ್ಟಮಿಯವರಿಗೆ ಇದು ಆಗದು, ಎಲ್ಲ ಕೊಲೊಸ್ಟಮಿಯವರಿಗೂ ಹೊಂದುವುದಿಲ್ಲ. ಹೊಂದಿದವರಿಗೆ ಬ್ಯಾಗಿನ ಖರ್ಚಿನಲ್ಲಿ ದೊಡ್ಡ ಉಳಿತಾಯ, ಮೇಲಾಗಿ ಎಷ್ಟು ಹೊತ್ತಿಗೆ ಮಲ ಬರುತ್ತದೆ ಎನ್ನುವುದು ಮತ್ತೆ ತಮ್ಮ ಕೈಗೆ ಬರುತ್ತದೆ.

ಖರ್ಚು ಎಂದೆ. ಒಂದೊಂದು ಫ್ಲ್ಯಾಂಜಿಗೂ ಬ್ಯಾಗಿಗೂ ನೂರಾರು ರೂಪಾಯಿ. ಮೂರರಿಂದ ಐದು ದಿನಕ್ಕೊಮ್ಮೆ ಬದಲಿಸಬೇಕು. ಕರಾವಳಿಯ ಬೆವರಿಗೆ ಅಷ್ಟು ದಿನವೂ ನಿಲ್ಲುವುದಿಲ್ಲ. ಕಾಯಂ ಸ್ಟೋಮಾ ಇದ್ದವರಿಗೆ ಇದು ಜೀವನಪೂರ್ತಿಯ ಖರ್ಚು. ಕೂಲಿ ಮಾಡುವವರು ಒಂದೇ ಬ್ಯಾಗನ್ನು ತೊಳೆದು ತೊಳೆದು ಬಳಸುತ್ತಾರೆ. ಅದೂ ಮುಗಿದರೆ ಅಂಗಡಿಯ ಪ್ಲಾಸ್ಟಿಕ್ ಕವರನ್ನು ದಾರದಿಂದ ಸೊಂಟಕ್ಕೆ ಕಟ್ಟಿಕೊಳ್ಳುತ್ತಾರೆ. ಹಾಗೆ ಕಟ್ಟಿಕೊಂಡು ಬಂದವರ ಹೊಟ್ಟೆಯ ಚರ್ಮ ಸುಲಿದ ಗಾಯದಂತಿರುತ್ತದೆ. ಲಕ್ಷಾಂತರ ರೂಪಾಯಿ ಬೆಲೆಯ ಆಪರೇಷನ್ನನ್ನು ಸರ್ಕಾರಿ ಯೋಜನೆಯಲ್ಲಿ ಉಚಿತವಾಗಿ ಮಾಡಿ, ಆಮೇಲೆ ರೋಗಿಯನ್ನು ಪ್ಲಾಸ್ಟಿಕ್ ಕವರಿಗೆ ಬಿಟ್ಟುಬಿಡುವುದು ನ್ಯಾಯವಲ್ಲ.

ಸಣ್ಣಪುಟ್ಟ ಅನುಕೂಲಗಳು ಆಗಿವೆ. 2022ರ ಜುಲೈಯಲ್ಲಿ ಸ್ಟೋಮಾ ಸಾಮಗ್ರಿಗಳ ಮೇಲಿನ ಜಿಎಸ್‌ಟಿಯನ್ನು ಶೇಕಡಾ 12ರಿಂದ 5ಕ್ಕೆ ಇಳಿಸಿದರು. ರೈಲ್ವೆಯ ರಿಯಾಯಿತಿ ಪಟ್ಟಿಯಲ್ಲಿ ಸ್ಟೋಮಾ ರೋಗಿಗಳಿಗೆ ಮಾಸಿಕ ಮತ್ತು ತ್ರೈಮಾಸಿಕ ಪಾಸಿನಲ್ಲಿ ಅರ್ಧ ದರವೆಂದು ನಮೂದಾಗಿದೆ. ಇದು ತಿಳಿದವರೇ ಕಡಿಮೆ. ಮುಂಬೈಯಲ್ಲಿ ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾ ಎಂಬ ಸಂಘವಿದೆ, ಸ್ಟೋಮಾ ಇರುವವರೇ ಹೊಸಬರಿಗೆ ಧೈರ್ಯ ಹೇಳುತ್ತಾರೆ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಪಟ್ಟಿ ಮಾಡಿರುವ 21 ಬಗೆಗಳಲ್ಲಿ ಸ್ಟೋಮಾ ಇಲ್ಲ. ಜಪಾನಿನಲ್ಲಿ ಕಾಯಂ ಸ್ಟೋಮಾ ಇರುವವರಿಗೆ ಅಂಗವೈಕಲ್ಯದ ಗುರುತುಪುಸ್ತಕ ಕೊಡುತ್ತಾರೆ, ಬ್ಯಾಗಿಗೆ ಸಹಾಯಧನವಿದೆ. ನಿಲ್ದಾಣಗಳ ಶೌಚಾಲಯಗಳಲ್ಲಿ ಬ್ಯಾಗ್ ತೊಳೆಯಲೆಂದೇ ಸೊಂಟದೆತ್ತರದ ತೊಟ್ಟಿ, ಬಾಗಿಲ ಮೇಲೆ ಅದರ ಚಿಹ್ನೆ ಇರುತ್ತದೆ. ಇಂಗ್ಲೆಂಡಿನಲ್ಲಿ ಕಾಯಂ ಸ್ಟೋಮಾ ಇರುವವರು ಔಷಧಿ ಚೀಟಿಗೆ ಹಣ ಕೊಡಬೇಕಿಲ್ಲ. ನಮ್ಮ ಬಸ್ ನಿಲ್ದಾಣದ ಶೌಚಾಲಯದಲ್ಲಿ ಒಳಗಿನಿಂದ ಹಾಕುವ ಚಿಲಕ, ಬರುವ ನೀರು, ಚೀಲ ನೇತುಹಾಕಲು ಒಂದು ಕೊಕ್ಕೆ ಇಷ್ಟಿದ್ದರೂ ಬ್ಯಾಗ್ ಇರುವವರು ಹಾಸನದಿಂದ ಬೆಂಗಳೂರಿಗೆ ಧೈರ್ಯವಾಗಿ ಬಂದುಹೋಗುತ್ತಾರೆ.

ಕೊನೆಯದಾಗಿ ಎರಡು ಬೇಡಿಕೆ. ಒಂದು, ಆಪರೇಷನ್ನಿಗೆ ಸಿದ್ಧರಾಗುತ್ತಿರುವವರಿಗೆ. ಹಿಂದಿನ ದಿನ ‘ನನಗೆ ಗುರುತು ಹಾಕಿ’ ಎಂದು ಬಾಯಿಬಿಟ್ಟು ಕೇಳಿ. ನಿಮ್ಮ ಸೀರೆ, ಪಂಚೆ, ಪ್ಯಾಂಟು ಏನು ಉಡುತ್ತೀರೋ ಅದನ್ನೇ ಉಟ್ಟು ತೋರಿಸಿ, ನಿಮ್ಮ ಕೆಲಸ ಏನೆಂದು ಹೇಳಿ, ಬಗ್ಗಿ ತೋರಿಸಿ, ಕೂತು ತೋರಿಸಿ. ಇನ್ನೊಂದು, ಆರೋಗ್ಯ ಇಲಾಖೆ ನಡೆಸುವವರಿಗೆ. ಸ್ಟೋಮಾ ಆರೈಕೆಯ ತರಬೇತಿ ನಮ್ಮ ದೇಶದಲ್ಲೇ, ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ, ನಡೆಯುತ್ತಾ ಬಂದಿದೆ. ನಮ್ಮ ಪ್ರತಿ ಜಿಲ್ಲಾ ಆಸ್ಪತ್ರೆಯಿಂದ ಒಬ್ಬ ನರ್ಸನ್ನು ಅಂಥ ತರಬೇತಿಗೆ ಕಳಿಸಿ, ವಾರಕ್ಕೊಂದು ದಿನ ಸ್ಟೋಮಾ ಒಪಿಡಿ ನಡೆಸಲು ಒಂದು ಕೋಣೆ ಕೊಡಿ. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಕೊಡುವ ಹಾಗೆ ಆ ಕೋಣೆಯಲ್ಲೇ ಬ್ಯಾಗುಗಳನ್ನೂ ಉಚಿತವಾಗಿ ಕೊಡಿ.